ಟಿಕೆಟ್ ಫೋಟೊ ಕೇಳದವನು

ಧಾರವಾಡದಲ್ಲಿ ಬಸ್ ಹತ್ತಿ ಕೂತವಳೇ ಕಂಡಕ್ಟರ್ ಕೊಟ್ಟ ಟಿಕೆಟ್‌ನ ಫೋಟೊ ತೆಗೆದು ಇವನಿಗೆ ಕಳಿಸಿದೆ. ಮಹಿಳೆಯರಿಗೆ ಕೊಡುವ ಶೂನ್ಯ ಟಿಕೆಟ್ ಅದು. ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ, ಎಲ್ಲವೂ ಅದರಲ್ಲಿತ್ತು. ಎರಡು ನಿಮಿಷಕ್ಕೆ ಉತ್ತರ ಬಂತು: ‘ಇದ್ಯಾಕ ನನಗ? ಫ್ರೀ ಟಿಕೆಟ್‌ಗೂ ನಾನ ರೊಕ್ಕಾ ಕೊಡಬೇಕೇನು?’

ಜತೆಗೆ ನಗುವ ಇಮೋಜಿ. ನನಗೆ ನಗು ಬರಲಿಲ್ಲ. ಹುಬ್ಬಳ್ಳಿ ಬರುವವರೆಗೂ ಫೋನ್ ಹಿಡಿದು ಸುಮ್ಮನೆ ಕೂತಿದ್ದೆ. ಯಾರೂ ಕೇಳದ ಲೆಕ್ಕವನ್ನು ನಾನೇ ಒಪ್ಪಿಸಿಬಿಟ್ಟಿದ್ದೆ.

ಈ ರೂಢಿ ಬಿದ್ದದ್ದು ಹಾವೇರಿಯಲ್ಲಿ ಡಿಗ್ರಿ ಓದುವಾಗ. ಎರಡನೇ ವರ್ಷದಲ್ಲಿ ಒಬ್ಬನನ್ನು ಪ್ರೀತಿಸಿದೆ. ಒಳ್ಳೆಯ ಮಾತುಗಾರ, ಹಾಡುಗಾರ, ಕ್ಲಾಸಿನಲ್ಲಿ ಎಲ್ಲರಿಗೂ ಬೇಕಾದವನು. ಮೊದಮೊದಲು ‘ಎಲ್ಲಿದ್ದೀಯಾ?’ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದ. ನನ್ನ ಬಗ್ಗೆ ಇಷ್ಟೊಂದು ಕಾಳಜಿ ಮಾಡುವವರು ಯಾರಿದ್ದಾರೆ ಅಂತ ನಾನು ಗೆಳತಿಯರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಬರಬರುತ್ತಾ ಅದು ‘ಯಾರ ಜತೆ?’ ಆಯಿತು, ಆಮೇಲೆ ‘ಫೋಟೊ ಕಳಿಸು’, ಆಮೇಲೆ ಲೈವ್ ಲೊಕೇಶನ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಅವ್ವ ಖುಷಿಪಟ್ಟಿದ್ದು ರೊಕ್ಕ ಉಳಿಯಿತೆಂದು. ಅವನು ಖುಷಿಪಟ್ಟಿದ್ದು ನನ್ನ ಕೈಗೆ ಟಿಕೆಟ್ ಬರುತ್ತದೆಂದು. ವಿದ್ಯಾರ್ಥಿ ಪಾಸಿನಲ್ಲಿ ಸಮಯ ಇರುವುದಿಲ್ಲವಲ್ಲ!

ಅವನು ಒಮ್ಮೆಯೂ ಕೈ ಎತ್ತಲಿಲ್ಲ. ಅದಕ್ಕೇ ಇದು ತೊಂದರೆ ಎಂದು ನನಗೆ ಹೊಳೆಯಲು ತಡವಾಯಿತು. ಹೊಡೆದಿದ್ದರೆ ಯಾರಿಗಾದರೂ ತೋರಿಸಬಹುದಿತ್ತು. ತಡವಾಗಿ ರಿಪ್ಲೈ ಮಾಡಿದ್ದಕ್ಕೆ ಮೂರು ದಿನ ಮಾತು ಬಿಟ್ಟ ಅಂತ ಯಾರ ಹತ್ತಿರ ದೂರುವುದು? ‘ಪ್ರೀತಿ ಜಾಸ್ತಿ ಅದ, ಅದಕ್ಕ’ ಅಂದುಬಿಡುತ್ತಾರೆ. ನಾನೇ ಹಾಗೆ ಅಂದುಕೊಂಡಿದ್ದೆ.

ಡಿಗ್ರಿ ಮುಗಿಸಿ ಎಫ್‌ಡಿಎ, ಪಿಡಿಒ ಪರೀಕ್ಷೆಗೆ ತಯಾರಿ ಮಾಡಲು ಧಾರವಾಡಕ್ಕೆ ಬಂದೆ. ಸಪ್ತಾಪುರದ ಪಿಜಿಯಲ್ಲಿ ನನ್ನ ರೂಮ್‌ಮೇಟ್ ಕಾನೂನು ಓದುತ್ತಿದ್ದಳು. ಜೋರಾಗಿ ಓದದಿದ್ದರೆ ಅವಳ ತಲೆಗೆ ಹೋಗುತ್ತಿರಲಿಲ್ಲ. ಆಗಷ್ಟೇ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತ್ತು. ಹಳೆಯ ಕಲಂ, ಹೊಸ ಕಲಂ ಎರಡನ್ನೂ ಜಪ ಮಾಡಿದಂತೆ ಹೇಳುತ್ತಿದ್ದಳು. ಒಂದು ರಾತ್ರಿ ನಾನು ಲೊಕೇಶನ್ ಕಳಿಸುತ್ತಿದ್ದಾಗಲೇ ಅವಳು 78ನೇ ಕಲಮಿಗೆ ಬಂದಳು. ಹಳೆಯ 354ಡಿ ಅದು, ಬೆನ್ನು ಹತ್ತಿ ಕಾಡುವ ಅಪರಾಧದ್ದು. ಮಹಿಳೆಯೊಬ್ಬಳ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದೂ ಅದರೊಳಗೇ ಬರುತ್ತದಂತೆ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು.

‘ಅದನ್ನ ಇನ್ನೊಮ್ಮೆ ಓದು’ ಅಂದೆ.

ಅವಳು ಓದಲಿಲ್ಲ. ನನ್ನ ಮುಖ ನೋಡಿ ಫೋನ್ ಕಸಿದುಕೊಂಡಳು. ವಾಟ್ಸ್‌ಆ್ಯಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ಅಂತ ಒಂದು ಜಾಗವಿದೆ, ನೀವೂ ಒಮ್ಮೆ ತೆಗೆದು ನೋಡಿ. ನನ್ನದರಲ್ಲಿ ಒಂದು ಕಂಪ್ಯೂಟರ್ ಇತ್ತು. ನನ್ನ ಬಳಿ ಕಂಪ್ಯೂಟರೇ ಇಲ್ಲ. ಯಾವತ್ತೋ ನನ್ನ ಫೋನ್ ಇಸಿದುಕೊಂಡು ಅವನು ತನ್ನ ಲ್ಯಾಪ್‌ಟಾಪ್‌ಗೆ ಜೋಡಿಸಿದ್ದ. ಅಕ್ಕ, ಅವ್ವ, ಗೆಳತಿಯರ ಜತೆ ನಾನು ಆಡಿದ ಮಾತನ್ನೆಲ್ಲ ಕೂತು ಓದುತ್ತಿದ್ದ. ಕಾಕಾನ ಮಗಳ ಮದುವೆ ಮಾತುಕತೆ ನಾನು ಹೇಳುವ ಮೊದಲೇ ಅವನಿಗೆ ಹೇಗೆ ಗೊತ್ತಾಗಿತ್ತು ಅನ್ನುವುದು ಆಗ ತಿಳಿಯಿತು.

ಲಾಗ್ ಔಟ್ ಒತ್ತಿದೆ. ಮುಂದಿನ ಒಂದು ವಾರವನ್ನು ನೆನೆಸಿಕೊಳ್ಳಲು ಇಷ್ಟವಿಲ್ಲ. ‘ನಿಮ್ಮೂರಿಗೇ ಬರ್ತೀನಿ’ ಎಂದು ಅವನು ಹೆದರಿಸಿದಾಗ ನಾನೇ ಊರಿಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಬೈಯಲಿಲ್ಲ. ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ. ‘ಬರಲಿ, ನಾನೂ ಮನ್ಯಾಗ ಇರ್ತೀನಿ’ ಅಂದಳು. ಅವನು ಬರಲಿಲ್ಲ. ರೂಮ್‌ಮೇಟ್ ಗೋಡೆಯ ಮೇಲೆ ಬರೆದಿದ್ದ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡುವ ಪ್ರಸಂಗವೂ ಬರಲಿಲ್ಲ. ಆದರೆ ಆ ನಂಬರ್ ಕಣ್ಣೆದುರು ಇದ್ದದ್ದರಿಂದಲೇ ನಿದ್ದೆ ಬರುತ್ತಿತ್ತು.

ಇವನು ಸಿಕ್ಕಿದ್ದು ಅದಾಗಿ ವರ್ಷದ ಮೇಲೆ, ರೀಡಿಂಗ್ ರೂಮ್‌ನಲ್ಲಿ. ಕುಂದಗೋಳದ ಕಡೆಯ ರೈತರ ಮಗ. ಪ್ರೀತಿ ಅಂತ ಹೇಳಿಕೊಂಡಿದ್ದು ನಾನೇ ಮೊದಲು. ಆಶ್ಚರ್ಯವಾಗಬಹುದು. ನನಗೆ ಪ್ರೀತಿಯ ಮೇಲೆ ನಂಬಿಕೆ ಹೋಗಿರಲಿಲ್ಲ. ಪ್ರೀತಿಸುವಾಗ ಹೇಗಿರಬೇಕು ಅನ್ನುವುದಷ್ಟೇ ಮರೆತುಹೋಗಿತ್ತು. ಚಹಾಕ್ಕೆ ಹೋದರೆ ಜತೆಗಿದ್ದವರ ಹೆಸರೆಲ್ಲ ಹೇಳುತ್ತಿದ್ದೆ. ಅವನು ‘ಹ್ಞೂಂ’ ಅಂದು ಪುಸ್ತಕ ತಿರುವುತ್ತಿದ್ದ. ಕೇಳದಿದ್ದರೆ ಇವನಿಗೆ ನಾನು ಬೇಡವಾಗಿದ್ದೇನೋ ಅಂತ ಅನುಮಾನ! ಎಂಥ ತಲೆ ನೋಡಿ ನಮ್ಮದು.

ಆ ಟಿಕೆಟ್ ಫೋಟೊ ಪ್ರಸಂಗದ ನಂತರ ಎಲ್ಲ ಹೇಳಿಕೊಂಡೆ. ಸರಿಹೋಯಿತು ಅಂದುಕೊಂಡಿದ್ದೆ. ಸರಿಹೋಗಿರಲಿಲ್ಲ.

ಈ ವರ್ಷ ಮೆಣಸಿನಕಾಯಿ ಸುಗ್ಗಿಗೆ ಇವನು ಊರಿಗೆ ಹೋಗಿದ್ದ. ಒಂದು ದಿನ ಮಧ್ಯಾಹ್ನದಿಂದ ಸಂಜೆಯವರೆಗೆ ಫೋನ್ ಎತ್ತಲಿಲ್ಲ. ಹನ್ನೊಂದು ಸಲ ಮಾಡಿದೆ. ಕೊನೆಗೆ ಎತ್ತಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, ‘ಯಾರ ಜತೆ ಇದ್ದಿ? ಫೋಟೊ ಕಳಸು.’

ಮಾತು ನನ್ನದು, ದನಿ ಹಾವೇರಿಯವನದು. ಹೇಳಿದ ಕೂಡಲೇ ನನ್ನ ಕಿವಿಗೇ ಅದು ಕೇಳಿಸಿತು.

ಇವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಕಣದಾಗ ಕಾಯಿ ಒಣಹಾಕಿದ್ವಿ. ಮೋಡ ಆತು. ನಾನು, ಅಪ್ಪ ತಾಡಪತ್ರಿ ಮುಚ್ಚಾಕತ್ತಿದ್ವಿ. ಫೋನ್ ಮನ್ಯಾಗಿತ್ತು.’ ಆಮೇಲೆ, ‘ಫೋಟೊ ನಾ ಕಳಸೂದಿಲ್ಲ. ಇವತ್ತ ಕಳಿಸಿದ್ರ ನಾಳೆನೂ ಕಳಸಬೇಕಾಗ್ತದ. ಹಂಗ ಇರಾಕ ನನಗ ಆಗೂದಿಲ್ಲ’ ಅಂದ.

ನಾನು ಹಾವೇರಿಯಲ್ಲಿ ಒಮ್ಮೆಯೂ ಹೇಳಲಾಗದ ಮಾತು ಅದು. ಇವನು ಒಂದು ಉಸಿರಿಗೆ, ಸಿಟ್ಟಿಲ್ಲದೆ ಹೇಳಿದ್ದ. ಆ ರಾತ್ರಿ ತುಂಬ ಅತ್ತೆ. ಬೆಳಿಗ್ಗೆ ಫೋನ್ ಮಾಡಿ ತಪ್ಪಾಯಿತು ಅಂದೆ. ‘ಕಾಯಿ ತೊಯ್ದಿಲ್ಲ, ಉಳದಾವ’ ಅಂದ.

ಕಳೆದ ವಾರ ಮತ್ತೆ ಊರಿಗೆ ಹೋದೆ. ಟಿಕೆಟ್ ಕೈಗೆ ಬಂತು, ಬೆರಳು ಕ್ಯಾಮೆರಾ ಕಡೆ ಹೋಯಿತು. ಶಿಗ್ಗಾವಿ ದಾಟುವವರೆಗೂ ಒಳಗೆ ಗಡಿಬಿಡಿ. ಟಿಕೆಟ್ ಮಡಚಿ, ಓದುತ್ತಿದ್ದ ಸಂವಿಧಾನದ ಪುಸ್ತಕದೊಳಗೆ ಗುರುತಿಗೆ ಇಟ್ಟೆ. ಮನೆಗೆ ಹೋಗಿ ಅವ್ವನ ಜತೆ ಹರಟೆ ಹೊಡೆಯುತ್ತಾ ಫೋನ್ ಎಲ್ಲಿದೆ ಅನ್ನುವುದೇ ಮರೆತಿದ್ದೆ.

ರಾತ್ರಿ ಒಂಬತ್ತಕ್ಕೆ ಇವನ ಫೋನ್.

‘ಮುಟ್ಟಿದೇನ?’

‘ಮುಟ್ಟಿ ಮೂರು ತಾಸ ಆತು.’

‘ಹೌದಾ? ಊಟಾ ಆತ?’