ಸೋಲಾರ್ ಬೇಲಿಯ ಬ್ಯಾಟರಿ ಮತ್ತು ಅದರ ಪಾಲನೆ

ಕಾಡಿನ ಅಂಚಿನ ಗ್ರಾಮಗಳಲ್ಲಿ ರಾಗಿಯ ತೆನೆ ಬಲಿಯುವ ಕಾಲವು ಒಕ್ಕಲಿಗೆ ಸಂತೋಷದ ಕಾಲವೂ ಹೌದು, ಭಯದ ಕಾಲವೂ ಹೌದು. ಕೊಡಗು, ಹಾಸನ, ಮೈಸೂರು, ಚಾಮರಾಜನಗರ ಜಿಲ್ಲೆಗಳಲ್ಲಿ ವರ್ಷದ ದುಡಿಮೆಯನ್ನು ಆನೆಗಳು ಒಂದೇ ರಾತ್ರಿಯಲ್ಲಿ ತುಳಿದುಹಾಕುವುದುಂಟು. 2023ನೆಯ ಇಸವಿಯ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿವೆಯೆಂದು ಅಂದಾಜು ಮಾಡಲಾಯಿತು. ಇದಲ್ಲದೆ ಹಂದಿಗಳ ಉಪದ್ರವವೂ ಉಂಟು. ಪೈರಿನ ರಕ್ಷಣೆಗಾಗಿ ಅನೇಕ ರೈತರು ಸೋಲಾರ್ ಬೇಲಿಯನ್ನು ಹಾಕಿಸಿರುವರು. ಆದರೆ ಬ್ಯಾಟರಿಯ ವಿಷಯದಲ್ಲಿ ಉದಾಸೀನರಾದರೆ ಹಣಕೊಟ್ಟು ಹಾಕಿಸಿದ ಬೇಲಿಯು ಬರಿಯ ತಂತಿಯಾಗಿ ನಿಲ್ಲುವುದು.

ಬೇಲಿಯು ಕೆಲಸಮಾಡುವ ಬಗೆ.— ಫಲಕವು ಹಗಲಿನಲ್ಲಿ ಬಿಸಿಲಿನಿಂದ ವಿದ್ಯುಚ್ಛಕ್ತಿಯನ್ನು ಉತ್ಪತ್ತಿಮಾಡಿ 12 ವೋಲ್ಟಿನ ಬ್ಯಾಟರಿಯಲ್ಲಿ ಶೇಖರಿಸುವುದು. ಎನರ್ಜೈಸರ್ ಎಂಬ ಯಂತ್ರವು ಅದನ್ನು ಸಾವಿರಾರು ವೋಲ್ಟುಗಳಿಗೆ ಏರಿಸಿ, ಸುಮಾರು ಸೆಕೆಂಡಿಗೊಂದರಂತೆ ತಂತಿಗೆ ಬಿಡುವುದು. ಒಂದೊಂದು ಮಿಡಿತವೂ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಹೊತ್ತಿನದು. ಆದುದರಿಂದ ಪ್ರಾಣಿಗೆ ನೋವಾಗುವುದೇ ಹೊರತು ಪ್ರಾಣಹಾನಿಯಾಗುವುದಿಲ್ಲ. ಆನೆಯನ್ನು ತಡೆಯುವುದು ತಂತಿಯ ಬಲವಲ್ಲ, ಈ ನೋವಿನ ನೆನಪು. ಮಿಡಿತವಿಲ್ಲದ ತಂತಿಯನ್ನು ಒಮ್ಮೆ ದಾಟಿದ ಆನೆಯು ಮತ್ತೆ ಬರಲು ಅಂಜದು.

ಬ್ಯಾಟರಿಯ ಗಾತ್ರ.— ಬಿಸಿಲಿಲ್ಲದ ದಿನಗಳನ್ನು ಎಣಿಸಿಕೊಂಡು ಇದನ್ನು ಗೊತ್ತುಮಾಡತಕ್ಕದ್ದು. ಎನರ್ಜೈಸರು ಕಾಲು ಆಂಪಿಯರ್ ಎಳೆಯುವುದೆಂದು ಇಟ್ಟುಕೊಂಡರೆ, ದಿನದ 24 ಗಂಟೆಗಳಿಗೆ 6 ಆಂಪಿಯರ್-ಗಂಟೆಗಳು ವೆಚ್ಚವಾಗುವುವು. ಮೋಡ ಮುಚ್ಚಿದ ಐದು ದಿನಗಳಿಗೆ 30 ಬೇಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚಾಗಿ ಖಾಲಿಮಾಡಿದರೆ ಅದರ ಆಯುಸ್ಸು ಕುಗ್ಗುವುದು. ಆದುದರಿಂದ 60 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಕೊಳ್ಳುವುದು ಯುಕ್ತ. ಮಲೆನಾಡಿನ ಮಳೆಗಾಲಕ್ಕೆ ಇದಕ್ಕೂ ದೊಡ್ಡದು ಬೇಕಾಗಬಹುದು. ಫಲಕವು ಚಿಕ್ಕದಾಗಿದ್ದರೆ ಬ್ಯಾಟರಿಯನ್ನು ದೊಡ್ಡದು ಮಾಡಿದರೂ ಫಲವಿಲ್ಲ.

ಪಾಲನೆಯ ಕ್ರಮ.— ಈ ಕೆಳಗಿನ ಅಂಶಗಳನ್ನು ತಪ್ಪದೆ ಗಮನಿಸತಕ್ಕದ್ದು:—

(1) ನೀರು ತುಂಬುವ ಜಾತಿಯ ಬ್ಯಾಟರಿಯಲ್ಲಿ ಸೀಸದ ತಟ್ಟೆಗಳು ಸದಾ ಮುಳುಗಿರಬೇಕು. ತಿಂಗಳಿಗೊಮ್ಮೆ ನೋಡಿ, ಬಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕಬೇಕು. ಬಾವಿಯ ಅಥವಾ ಕೊಳವೆಬಾವಿಯ ನೀರು ಕೂಡದು; ಆಸಿಡ್ಡನ್ನೂ ಹಾಕಕೂಡದು.

(2) ಸೂರ್ಯೋದಯಕ್ಕೆ ಮುಂಚೆ ಮೀಟರಿನಿಂದ ಅಳೆದಾಗ 12.6 ವೋಲ್ಟಿಗೆ ಸಮೀಪವಿದ್ದರೆ ಬ್ಯಾಟರಿ ತುಂಬಿದೆಯೆಂದೂ, 12.2 ಇದ್ದರೆ ಸುಮಾರು ಅರ್ಧಕ್ಕೆ ಇಳಿದಿದೆಯೆಂದೂ ತಿಳಿಯಬಹುದು. ಖಾಲಿಯಾದುದನ್ನು ಹಾಗೆಯೇ ಬಿಟ್ಟರೆ ತಟ್ಟೆಗಳ ಮೇಲೆ ಗಡುಸಾದ ಬಿಳಿಯ ಲವಣವು ಕಟ್ಟಿ ಬ್ಯಾಟರಿಯು ಕೆಡುವುದು.

(3) ಬೇಲಿಯ ಬ್ಯಾಟರಿಯಿಂದ ಮನೆಯ ದೀಪವನ್ನಾಗಲಿ ಮೊಬೈಲನ್ನಾಗಲಿ ನಡೆಸಕೂಡದು.

(4) ತುದಿಗಳನ್ನು ಒರೆಸಿ ವ್ಯಾಸಲೀನ್ ಸವರಬೇಕು. ಪೆಟ್ಟಿಗೆಗೆ ಗಾಳಿಯಾಡುವ ಕಿಂಡಿಗಳಿರಬೇಕು. ಬ್ಯಾಟರಿ ತುಂಬುವಾಗ ಹೊರಡುವ ಅನಿಲವು ಬೆಂಕಿ ತಗುಲಿದರೆ ಸಿಡಿಯುವುದು. ಹತ್ತಿರದಲ್ಲಿ ಬೀಡಿ ಸೇದಕೂಡದು.

(5) ಫಲಕದ ಧೂಳನ್ನು ವಾರಕ್ಕೊಮ್ಮೆ ಒರೆಸಬೇಕು. ತಂತಿಗೆ ತಾಗುವ ಹುಲ್ಲು ಬಳ್ಳಿಗಳನ್ನು ಸವರಬೇಕು. ಅವು ಮಿಡಿತವನ್ನು ನೆಲಕ್ಕೆ ಹರಿಯಬಿಡುವುವು. ಬೇಸಗೆಯಲ್ಲಿ ಅರ್ತಿಂಗ್ ಸಲಾಕೆಗಳ ಬುಡಕ್ಕೆ ನೀರು ಹೊಯ್ಯಬೇಕು.

ಎಚ್ಚರಿಕೆ.— ಬ್ಯಾಟರಿ ಕೆಟ್ಟ ರಾತ್ರಿ ಪೈರಿನ ಚಿಂತೆಯಿಂದ ಕೆಲವರು ಕರೆಂಟಿನ ಕಂಬದಿಂದ ಅಥವಾ ಪಂಪ್‌ಸೆಟ್ಟಿನಿಂದ ನೇರವಾಗಿ ತಂತಿಗೆ ಸಂಪರ್ಕ ಕೊಡುವರು. ಇದಕ್ಕಿಂತ ಘೋರವಾದ ತಪ್ಪು ಬೇರೊಂದಿಲ್ಲ. ಮಿಡಿತದ ನಡುವೆ ಕೈ ಬಿಡಿಸಿಕೊಳ್ಳಲು ಅವಕಾಶವುಂಟು. ಎಡೆಬಿಡದೆ ಹರಿಯುವ 230 ವೋಲ್ಟಿನಲ್ಲಿ ಸ್ನಾಯುಗಳು ಬಿಗಿದು, ಹಿಡಿದ ಕೈ ಬಿಡಲಾಗದೆ ಪ್ರಾಣ ಹೋಗುವುದು. ಹೀಗೆ ಸಾಯುವುದು ಆನೆ ಮಾತ್ರವಲ್ಲ; ನಸುಕಿನಲ್ಲಿ ನೀರು ಕಟ್ಟಲು ಹೋದ ಮನೆಯ ಮಗನೂ, ನೆರೆಯವನ ಎತ್ತೂ ಬಲಿಯಾಗಬಹುದು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. 1972ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಆನೆಯನ್ನು ಕೊಲ್ಲುವುದೂ, 2003ನೆಯ ವಿದ್ಯುಚ್ಛಕ್ತಿ ಕಾಯಿದೆಯ ಪ್ರಕಾರ ಕರೆಂಟು ಕದಿಯುವುದೂ ಸೆರೆವಾಸಕ್ಕೆ ಗುರಿಮಾಡುವ ಅಪರಾಧಗಳು.

ಬ್ಯಾಟರಿ ಕೆಟ್ಟಲ್ಲಿ ಹೊಸದು ಬರುವವರೆಗೆ ಅಟ್ಟಣೆಯ ಮೇಲೆ ಕಾವಲಿರುವುದೇ ಮಾರ್ಗ. ಅಕ್ಕಪಕ್ಕದ ಹೊಲದವರು ಕೂಡಿ, ತುಂಬಿದ ಬ್ಯಾಟರಿಯೊಂದನ್ನು ಸಿದ್ಧವಾಗಿಟ್ಟುಕೊಂಡರೆ ಒಬ್ಬೊಬ್ಬರಿಗೆ ತಗಲುವ ವೆಚ್ಚ ಅಲ್ಪ. ಫಸಲು ಮನೆಗೆ ಬರುವವರೆಗೆ ಬೇಲಿಯು ಒಂದು ರಾತ್ರಿಯೂ ಮಲಗದಂತೆ ನೋಡಿಕೊಳ್ಳುವುದು ಪ್ರತಿಯೊಬ್ಬ ರೈತನ ಕರ್ತವ್ಯ.