ಈ ಔಷಧಿ ನಿಜವಾಗಿ ಗುಣ ಮಾಡುತ್ತದೆಯೇ? ಕ್ಲಿನಿಕಲ್ ಟ್ರಯಲ್ ನಡೆಯುವ ಬಗೆ

ಕೋವಿಡ್ ಎರಡನೇ ಅಲೆಯ ದಿನಗಳು, 2021ರ ಏಪ್ರಿಲ್. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪ್ಲಾಸ್ಮಾ ದಾನಿಗಳಿಗಾಗಿ ಹಗಲಿರುಳು ಮೊರೆ ಹರಿದಾಡುತ್ತಿತ್ತು. ಕೋವಿಡ್‌ನಿಂದ ಗುಣವಾದವರ ರಕ್ತದಲ್ಲಿ ವೈರಸ್ಸನ್ನು ಎದುರಿಸುವ ಪ್ರತಿಕಾಯಗಳು ಇರುತ್ತವೆ, ಅವನ್ನು ರೋಗಿಗೆ ಕೊಟ್ಟರೆ ಜೀವ ಉಳಿದೀತು ಎಂಬುದು ಅದರ ಹಿಂದಿನ ತರ್ಕ. ತರ್ಕದಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಪ್ಲಾಸ್ಮಾ ಪಡೆದು ಮನೆಗೆ ಮರಳಿದವರೂ ಕಣ್ಣ ಮುಂದೆಯೇ ಇದ್ದರು.

ಆದರೆ ಅಷ್ಟರಲ್ಲಾಗಲೇ ಉತ್ತರ ಸಿಕ್ಕಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2020ರಲ್ಲಿ ದೇಶದ 39 ಆಸ್ಪತ್ರೆಗಳಲ್ಲಿ ‘ಪ್ಲಾಸಿಡ್’ ಎಂಬ ಪ್ರಯೋಗ ನಡೆಸಿತ್ತು. ಒಟ್ಟು 464 ರೋಗಿಗಳಲ್ಲಿ 235 ಮಂದಿಗೆ ಮಾಮೂಲಿ ಚಿಕಿತ್ಸೆಯ ಜೊತೆ ಪ್ಲಾಸ್ಮಾ, ಉಳಿದ 229 ಮಂದಿಗೆ ಮಾಮೂಲಿ ಚಿಕಿತ್ಸೆ ಮಾತ್ರ. 28 ದಿನಗಳಲ್ಲಿ ಕಾಯಿಲೆ ಉಲ್ಬಣಿಸಿದವರು ಇಲ್ಲವೇ ತೀರಿಕೊಂಡವರು ಪ್ಲಾಸ್ಮಾ ಗುಂಪಿನಲ್ಲಿ ಶೇ 19, ಇನ್ನೊಂದರಲ್ಲಿ ಶೇ 18. ಪ್ಲಾಸ್ಮಾದಿಂದ ಪ್ರಯೋಜನವೇ ಕಾಣಲಿಲ್ಲ. 2021ರ ಮೇ ತಿಂಗಳಲ್ಲಿ ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಿಂದ ಅದನ್ನು ಕೈಬಿಡಲಾಯಿತು.

ಅದೇ 2020ರಲ್ಲಿ ಬ್ರಿಟನ್ನಿನ ‘ರಿಕವರಿ’ ಪ್ರಯೋಗ ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಸ್ಟೀರಾಯ್ಡನ್ನು ಪರೀಕ್ಷಿಸಿತು. ವೈರಸ್ ಸೋಂಕಿಗೆ ಸ್ಟೀರಾಯ್ಡ್ ಕೊಟ್ಟರೆ ಅಪಾಯವೆಂದು ಅನೇಕ ವೈದ್ಯರು ಹೆದರಿದ್ದರು. ಫಲಿತಾಂಶ ಬಂದಾಗ, ವೆಂಟಿಲೇಟರ್‌ನಲ್ಲಿದ್ದವರ ಪೈಕಿ ಸಾವಿನ ಪ್ರಮಾಣ ಶೇ 41.4ರಿಂದ ಶೇ 29.3ಕ್ಕೆ ಇಳಿದಿತ್ತು. ಆಮ್ಲಜನಕ ಮಾತ್ರ ಪಡೆಯುತ್ತಿದ್ದವರಲ್ಲಿ ಶೇ 26.2ರಿಂದ ಶೇ 23.3ಕ್ಕೆ. ಆಮ್ಲಜನಕವೇ ಬೇಕಿಲ್ಲದವರಿಗೆ ಯಾವ ಲಾಭವೂ ಆಗಲಿಲ್ಲ.

ಎಲ್ಲರೂ ಭರವಸೆ ಇಟ್ಟಿದ್ದ ಚಿಕಿತ್ಸೆ ಸೋತಿತು, ಅನುಮಾನಿಸಿದ ಔಷಧಿ ಜೀವ ಉಳಿಸಿತು. ತರ್ಕ, ಅನುಭವ, ನಂಬಿಕೆ ಮೂರೂ ಸೇರಿದರೂ ಇದನ್ನು ಮೊದಲೇ ಹೇಳಲಾಗುತ್ತಿರಲಿಲ್ಲ. ಹೇಳಬಲ್ಲದ್ದು ಹೋಲಿಕೆಯೊಂದೇ. ಆ ಹೋಲಿಕೆಯನ್ನು ಪಕ್ಷಪಾತವಿಲ್ಲದೆ ಮಾಡುವ ಕ್ರಮಕ್ಕೆ ಕ್ಲಿನಿಕಲ್ ಟ್ರಯಲ್ ಎಂದು ಹೆಸರು. ಅದು ಹೇಗೆ ನಡೆಯುತ್ತದೆ, ನಿಮ್ಮನ್ನೇ ಅದರಲ್ಲಿ ಸೇರಲು ಕೇಳಿದರೆ ಏನು ಮಾಡಬೇಕು ಎಂಬುದನ್ನು ನೋಡೋಣ.

ಲ್ಯಾಬಿನಿಂದ ಮೊದಲ ಮನುಷ್ಯನವರೆಗೆ

ಹೊಸ ಔಷಧಿಯ ಪಯಣ ಲ್ಯಾಬಿನಲ್ಲಿ ಶುರುವಾಗುತ್ತದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ, ಆಮೇಲೆ ಪ್ರಾಣಿಗಳ ಮೇಲೆ ಅದನ್ನು ಪರೀಕ್ಷಿಸುತ್ತಾರೆ. ಯಾವ ಪ್ರಮಾಣದಲ್ಲಿ ವಿಷವಾಗುತ್ತದೆ, ಲಿವರ್ ಮತ್ತು ಕಿಡ್ನಿಗೆ ಏನಾಗುತ್ತದೆ, ದೇಹದಿಂದ ಎಷ್ಟು ಹೊತ್ತಿನಲ್ಲಿ ಹೊರಹೋಗುತ್ತದೆ ಎಂಬ ಲೆಕ್ಕ ಅಲ್ಲಿ ಸಿಗುತ್ತದೆ. ಈ ಲೆಕ್ಕವಿಲ್ಲದೆ ಮನುಷ್ಯನ ಮೇಲೆ ಪ್ರಯೋಗಿಸುವಂತಿಲ್ಲ.

ಲ್ಯಾಬ್ ಎಲ್ಲವನ್ನೂ ಹೇಳಲಾರದು ಎಂಬುದಕ್ಕೆ 2006ರ ಮಾರ್ಚ್‌ನಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ನಡೆದದ್ದು ಸಾಕ್ಷಿ. ಟಿಜಿಎನ್1412 ಎಂಬ ಪ್ರತಿಕಾಯ ಔಷಧಿಯನ್ನು ಮಂಗಗಳು ತೊಂದರೆಯಿಲ್ಲದೆ ತಾಳಿಕೊಂಡಿದ್ದವು. ಮಂಗಗಳಿಗೆ ಸುರಕ್ಷಿತವೆನಿಸಿದ ಪ್ರಮಾಣದ ಐನೂರರಲ್ಲಿ ಒಂದು ಪಾಲನ್ನಷ್ಟೇ ಆರು ಆರೋಗ್ಯವಂತ ಯುವಕರಿಗೆ ಕೆಲವೇ ನಿಮಿಷಗಳ ಅಂತರದಲ್ಲಿ ಒಬ್ಬರಾದ ಮೇಲೊಬ್ಬರಿಗೆ ಕೊಟ್ಟರು. ಗಂಟೆಗಳೊಳಗೆ ಆರೂ ಮಂದಿಯ ರೋಗನಿರೋಧಕ ವ್ಯವಸ್ಥೆ ಕೆರಳಿ, ಅಂಗಾಂಗಗಳು ಸೋಲತೊಡಗಿದವು. ಔಷಧಿ ಹೋಗಿ ಹಿಡಿಯಬೇಕಾದ ಗುರುತು ಮನುಷ್ಯರ ಕೆಲವು ಬಿಳಿ ರಕ್ತಕಣಗಳ ಮೇಲಿದೆ, ಆ ಮಂಗಗಳ ಅದೇ ಬಗೆಯ ಕಣಗಳ ಮೇಲೆ ಇಲ್ಲವೆಂಬುದು ಆಮೇಲೆ ತಿಳಿಯಿತು. ಆರೂ ಜನ ಬದುಕುಳಿದರು. ಹೊಸ ಔಷಧಿಯನ್ನು ಮೊದಲು ಒಬ್ಬರಿಗೆ ಮಾತ್ರ ಕೊಟ್ಟು, ಸಾಕಷ್ಟು ಕಾದು ನೋಡಿ ಮುಂದುವರಿಯುವ ಪದ್ಧತಿ ಈ ಘಟನೆಯ ನಂತರ ಬಲವಾಯಿತು.

ಮನುಷ್ಯರ ಮೇಲಿನ ಪರೀಕ್ಷೆಗೆ ನಾಲ್ಕು ಹಂತಗಳಿವೆ. ಮೊದಲ ಹಂತದಲ್ಲಿ ಬೆರಳೆಣಿಕೆಯಿಂದ ನೂರರೊಳಗಿನ ಜನರಲ್ಲಿ ಸುರಕ್ಷತೆಯನ್ನು ನೋಡುತ್ತಾರೆ. ಎರಡನೆಯದರಲ್ಲಿ ನೂರಾರು ರೋಗಿಗಳಲ್ಲಿ ಸರಿಯಾದ ಡೋಸ್ ಮತ್ತು ಪರಿಣಾಮದ ಸುಳಿವು ಹುಡುಕುತ್ತಾರೆ. ಮೂರನೆಯದರಲ್ಲಿ ಸಾವಿರಾರು ಜನರ ನಡುವೆ ಹೋಲಿಕೆ ನಡೆಯುತ್ತದೆ. ನಾಲ್ಕನೆಯದು ಔಷಧಿ ಮಾರುಕಟ್ಟೆಗೆ ಬಂದ ಮೇಲಿನ ಕಣ್ಗಾವಲು.

ಯಾರಿಗೆ ಯಾವ ಚಿಕಿತ್ಸೆ: ತೀರ್ಮಾನ ವೈದ್ಯರ ಕೈಯಲ್ಲಿಲ್ಲ

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು, ಏಕೆಂದರೆ ಒಂದೇ ಪಾತ್ರೆಯ ಅಗುಳುಗಳೆಲ್ಲ ಒಂದೇ ಬಗೆ. ರೋಗಿಗಳು ಹಾಗಲ್ಲ. ವಯಸ್ಸು, ಪೋಷಣೆ, ಸಕ್ಕರೆ ಕಾಯಿಲೆ, ಆಸ್ಪತ್ರೆಗೆ ಬಂದ ಹೊತ್ತು ಎಲ್ಲವೂ ಬೇರೆ ಬೇರೆ. ಗಟ್ಟಿಮುಟ್ಟಾಗಿರುವವರಿಗೆ ವೈದ್ಯರು ತಮಗರಿವಿಲ್ಲದೆಯೇ ಹೊಸ ಔಷಧಿ ಕೊಟ್ಟುಬಿಟ್ಟರೆ, ಗುಣವಾದದ್ದು ಔಷಧಿಯಿಂದಲೋ ದೇಹಬಲದಿಂದಲೋ ತಿಳಿಯುವುದಿಲ್ಲ.

ಇದಕ್ಕೆ ಪರಿಹಾರವನ್ನು ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಬ್ರಿಟಿಷ್ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1948ರಲ್ಲಿ ಪ್ರಕಟಿಸಿದ ಸ್ಟ್ರೆಪ್ಟೊಮೈಸಿನ್ ಪ್ರಯೋಗ. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಯಾದೃಚ್ಛಿಕ ಸಂಖ್ಯೆಗಳ ಆಧಾರದಲ್ಲಿ ಚೀಟಿಗಳನ್ನು ಸಿದ್ಧಪಡಿಸಿ, ಮುಚ್ಚಿದ ಲಕೋಟೆಗಳಲ್ಲಿಟ್ಟರು. ಕ್ಷಯರೋಗಿ ಪ್ರಯೋಗಕ್ಕೆ ಅರ್ಹರೆಂದು ತೀರ್ಮಾನವಾದ ಮೇಲೆಯೇ ಲಕೋಟೆ ಒಡೆಯಬೇಕು. ಒಳಗಿನ ಚೀಟಿ ಹೇಳಿದಂತೆ ಸ್ಟ್ರೆಪ್ಟೊಮೈಸಿನ್ ಅಥವಾ ಬರೀ ವಿಶ್ರಾಂತಿ. ಎಕ್ಸ್‌ರೇ ನೋಡುವ ತಜ್ಞರಿಗೆ ಅದು ಯಾವ ಗುಂಪಿನ ರೋಗಿಯದೆಂದು ಹೇಳುತ್ತಿರಲಿಲ್ಲ. ಆರು ತಿಂಗಳಲ್ಲಿ ಔಷಧಿ ಪಡೆದ 55 ಜನರಲ್ಲಿ 4 ಮಂದಿ ಸತ್ತರು. ಪಡೆಯದ 52 ಜನರಲ್ಲಿ 14 ಮಂದಿ. ಕ್ಷಯಕ್ಕೆ ಮದ್ದಿದೆ ಎಂಬುದು ಹೀಗೆ ಖಚಿತವಾಯಿತು. ಬ್ಯಾಕ್ಟೀರಿಯಾ ಬೇಗನೆ ಈ ಔಷಧಿಗೆ ಒಗ್ಗಿಕೊಳ್ಳುತ್ತದೆ, ಇದೊಂದನ್ನೇ ಕೊಟ್ಟರೆ ಸಾಲದು ಎಂಬ ಎಚ್ಚರಿಕೆಯೂ ಅದೇ ಪ್ರಯೋಗದಿಂದ ಬಂತು. ಇಂದು ಕ್ಷಯಕ್ಕೆ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವುದು ಅದೇ ಕಾರಣಕ್ಕೆ.

ಇಂದು ಲಕೋಟೆಯ ಜಾಗದಲ್ಲಿ ಕಂಪ್ಯೂಟರ್ ಇದೆ. ನಿಯಮ ಮಾತ್ರ ಅದೇ: ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರೂ ಆರಿಸುವಂತಿಲ್ಲ, ರೋಗಿಯೂ ಆರಿಸುವಂತಿಲ್ಲ.

ಮಂಡಿನೋವಿನ ಪಾಠ

ಗುಂಪು ಮಾಡಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಚಿಕಿತ್ಸೆ ಸಿಕ್ಕಿತೆಂಬ ನೆಮ್ಮದಿಯಿಂದಲೇ ನೋವು ಕಡಿಮೆಯಾದಂತೆ ಅನಿಸುತ್ತದೆ. ಅದಕ್ಕೇ ಹೋಲಿಕೆಯ ಗುಂಪಿಗೆ ನೋಡಲು ಅದೇ ಥರದ, ಒಳಗೆ ಔಷಧಿಯಿಲ್ಲದ ಮಾತ್ರೆ ಕೊಡುವುದುಂಟು. ಇದೇ ಪ್ಲಸೀಬೊ. ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಯಾವುದು ಅಸಲಿ ಎಂದು ತಿಳಿಯದಂತೆ ನಡೆಸಿದರೆ ಹೋಲಿಕೆ ಇನ್ನಷ್ಟು ಗಟ್ಟಿ.

ಶಸ್ತ್ರಚಿಕಿತ್ಸೆಯನ್ನೂ ಹೀಗೆ ಪರೀಕ್ಷಿಸಿದ್ದಾರೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಮಂಡಿ ಸವೆತದ 180 ರೋಗಿಗಳನ್ನು ಮೂರು ಗುಂಪು ಮಾಡಿದರು. ಎರಡು ಗುಂಪುಗಳಿಗೆ ಮಂಡಿಯೊಳಗೆ ಕ್ಯಾಮೆರಾ ನಳಿಕೆ ಇಳಿಸಿ, ಒಂದರಲ್ಲಿ ತೊಳೆದು, ಇನ್ನೊಂದರಲ್ಲಿ ಸವೆದ ಭಾಗವನ್ನು ಕೆರೆದು ಸರಿಪಡಿಸಿದರು. ಮೂರನೆಯವರಿಗೆ ಚರ್ಮ ಕೊಯ್ದು ಹೊಲಿಗೆ ಹಾಕಿದರೇ ಹೊರತು ಮಂಡಿಯೊಳಗೆ ಏನೂ ಮಾಡಲಿಲ್ಲ. ಹೀಗಾಗಬಹುದೆಂದು ತಿಳಿದೇ ಎಲ್ಲರೂ ಒಪ್ಪಿದ್ದರು. ಎರಡು ವರ್ಷ ಗಮನಿಸಿದರು. ನೋವು ಇಳಿದದ್ದರಲ್ಲಿ ಮೂರೂ ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. 2002ರಲ್ಲಿ ಪ್ರಕಟವಾದ ಈ ಫಲಿತಾಂಶ, ಅಪಾರ ಸಂಖ್ಯೆಯಲ್ಲಿ ನಡೆಯುತ್ತಿದ್ದ ಒಂದು ಶಸ್ತ್ರಚಿಕಿತ್ಸೆಯನ್ನೇ ಪ್ರಶ್ನೆಗೆ ಒಡ್ಡಿತು.

ರಿಪೋರ್ಟ್ ಸರಿಹೋಯಿತು, ರೋಗಿ?

ರಕ್ತಪರೀಕ್ಷೆಯ ಅಂಕಿ ಅಥವಾ ಇಸಿಜಿ ಗೆರೆ ಸುಧಾರಿಸಿದರೆ ನಾವು ನಿಟ್ಟುಸಿರು ಬಿಡುತ್ತೇವೆ. ಹೃದ್ರೋಗ ವಿಭಾಗದ ‘ಕ್ಯಾಸ್ಟ್’ ಪ್ರಯೋಗ ಈ ಸಮಾಧಾನ ಎಷ್ಟು ಅಪಾಯಕಾರಿ ಆಗಬಹುದೆಂದು ತೋರಿಸಿತು. ಹೃದಯಾಘಾತವಾದವರಲ್ಲಿ ಅಡ್ಡಾದಿಡ್ಡಿ ಬಡಿತಗಳು ಹೆಚ್ಚಿದ್ದರೆ ಹಠಾತ್ ಸಾವಿನ ಸಂಭವವೂ ಹೆಚ್ಚು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಮಾತ್ರೆಗಳು ಆ ಬಡಿತಗಳನ್ನು ಅಡಗಿಸುತ್ತಿದ್ದವು. ಹಾಗಾದರೆ ಜೀವ ಉಳಿಯಲೇಬೇಕಲ್ಲವೇ? ಈ ಮಾತ್ರೆಗಳಿಂದ ಬಡಿತ ಸರಿಹೋದವರನ್ನೇ ಆರಿಸಿ, 1,498 ಜನರನ್ನು ಎರಡು ಗುಂಪಾಗಿಸಿ, 755 ಮಂದಿಗೆ ಮಾತ್ರೆ, 743 ಮಂದಿಗೆ ಪ್ಲಸೀಬೊ ಕೊಟ್ಟರು. ಸರಾಸರಿ 10 ತಿಂಗಳಲ್ಲಿ ಪ್ಲಸೀಬೊ ಗುಂಪಿನಲ್ಲಿ 26 ಸಾವು, ಮಾತ್ರೆ ನುಂಗಿದವರಲ್ಲಿ 63 ಸಾವು. 1989ರಲ್ಲಿ ಈ ಎರಡು ಮಾತ್ರೆಗಳ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಇಸಿಜಿ ನೆಟ್ಟಗಾಗಿತ್ತು, ಜನ ಸಾಯುತ್ತಿದ್ದರು. ಹೋಲಿಕೆಯ ಗುಂಪಿಲ್ಲದಿದ್ದರೆ ಆ ಸಾವುಗಳೆಲ್ಲ ಹೃದ್ರೋಗದ ಲೆಕ್ಕಕ್ಕೇ ಹೋಗಿಬಿಡುತ್ತಿದ್ದವು.

ಮದರಾಸಿನ ಮನೆಗಳು, ಬೆಂಗಳೂರಿನ ಸಂಸ್ಥೆ

ಪ್ರಯೋಗವೆಂದರೆ ಹೊಸ ಔಷಧಿಯ ಪರೀಕ್ಷೆಯೇ ಆಗಬೇಕೆಂದಿಲ್ಲ. 1950ರ ದಶಕದಲ್ಲಿ ಕ್ಷಯರೋಗಿಯನ್ನು ಸ್ಯಾನಟೋರಿಯಂನಲ್ಲಿಟ್ಟು ಹಾಲು, ಮೊಟ್ಟೆ, ವಿಶ್ರಾಂತಿ ಕೊಡಬೇಕೆಂಬುದು ರೂಢಿ. ಭಾರತದಲ್ಲಿ ಅಷ್ಟು ಹಾಸಿಗೆಗಳು ಎಲ್ಲಿಂದ ಬರಬೇಕು? 1956ರಲ್ಲಿ ಮದರಾಸಿನಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಕೇಂದ್ರ ಬಡ ರೋಗಿಗಳನ್ನು ಎರಡು ಗುಂಪು ಮಾಡಿತು. ಅರ್ಧ ಜನ ಸ್ಯಾನಟೋರಿಯಂಗೆ, ಇನ್ನರ್ಧ ಜನ ತಮ್ಮ ಇಕ್ಕಟ್ಟಾದ ಮನೆಗಳಲ್ಲೇ. ಇಬ್ಬರಿಗೂ ಒಂದೇ ಮಾತ್ರೆಗಳು. ಮನೆಯಲ್ಲಿದ್ದವರ ಊಟ ಕಳಪೆ, ಕೆಲಸವೂ ಹೆಚ್ಚು. ಆದರೂ ಒಂದು ವರ್ಷದ ಕೊನೆಗೆ ಅವರ ಫಲಿತಾಂಶ ಸ್ಯಾನಟೋರಿಯಂನವರ ಹತ್ತಿರಕ್ಕೇ ಬಂತು. ಮನೆಮಂದಿಗೆ ಅದರಿಂದ ಹೆಚ್ಚಿನ ಅಪಾಯವೂ ಆಗಲಿಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಕ್ಷಯ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಮನೆಯಲ್ಲೇ ಚಿಕಿತ್ಸೆ ಎಂಬ ತಳಹದಿಯ ಮೇಲೆ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮವನ್ನು ರೂಪಿಸಿತು. ಇಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸಿಗುವ ಉಚಿತ ಮಾತ್ರೆಯ ಹಿಂದೆ ಆ ಮದರಾಸಿನ ರೋಗಿಗಳಿದ್ದಾರೆ.

ಮಾರುಕಟ್ಟೆಗೆ ಅಥವಾ ಬಳಕೆಗೆ ಬಂದ ಮೇಲೂ ಪರೀಕ್ಷೆ ನಿಲ್ಲಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಗೆ 1990ರಿಂದ ಲಸಿಕೆ ಹಾಕುತ್ತಿದ್ದರು. ಮೊದಲ ಅಧ್ಯಯನದಲ್ಲಿ ಎರಡು ಡೋಸ್‌ಗಳ ರಕ್ಷಣೆ ಶೇ 93.5 ಎಂದು ಕಂಡಿತ್ತು. ಮುಂದೆ ಮಲೆನಾಡಿನ ಹಳ್ಳಿಗಳಲ್ಲಿ ಲೆಕ್ಕ ಹಾಕಿದಾಗ ಅದು ಶೇ 62.4ರಷ್ಟೇ ಇತ್ತು. ಕೊನೆಗೆ ಆ ಲಸಿಕೆಯ ಬಳಕೆಯೇ ನಿಂತಿತು. ಹೊಸದರ ಅಗತ್ಯವನ್ನು ತೋರಿಸಿಕೊಟ್ಟದ್ದು ಈ ಕಣ್ಗಾವಲು.

ನಿಮ್ಮನ್ನು ಸೇರಲು ಕೇಳಿದರೆ

1948ರ ಆ ಪ್ರಯೋಗದಲ್ಲಿ ಬರೀ ವಿಶ್ರಾಂತಿ ಪಡೆದ ರೋಗಿಗಳಿಗೆ ತಾವು ಪ್ರಯೋಗದ ಭಾಗವೆಂದೇ ಗೊತ್ತಿರಲಿಲ್ಲ. ಇಂದು ಹಾಗೆ ನಡೆಸುವಂತಿಲ್ಲ. ಭಾರತದಲ್ಲಿ 2019ರ ‘ಹೊಸ ಔಷಧಿಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು’ ರೋಗಿಗೆ ಖಚಿತ ಹಕ್ಕುಗಳನ್ನು ಕೊಟ್ಟಿವೆ.

ಪ್ರತಿ ಪ್ರಯೋಗಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು. ಅವರಲ್ಲಿ ಒಬ್ಬ ಮಹಿಳೆ, ಒಬ್ಬ ಕಾನೂನು ತಜ್ಞರು, ಒಬ್ಬ ಜನಸಾಮಾನ್ಯರು ಕಡ್ಡಾಯ. ಕನಿಷ್ಠ ಅರ್ಧದಷ್ಟು ಸದಸ್ಯರು ಆ ಆಸ್ಪತ್ರೆಗೆ ಸಂಬಂಧಿಸಿದವರಾಗಿರಬಾರದು.

ವಿವರಗಳನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು. ಓದಲು ಬಾರದವರಾದರೆ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ವಿವರಣೆ ಮುಗಿಯುವ ತನಕ ಎದುರಿಗಿದ್ದು ಸಹಿ ಹಾಕಬೇಕು. ಸಹಿಯಾದ ಪತ್ರದ ಒಂದು ಪ್ರತಿ ನಿಮಗೆ ಸಲ್ಲಬೇಕು. ಯಾವ ಕ್ಷಣದಲ್ಲಾದರೂ, ಕಾರಣ ಹೇಳದೆಯೇ, ನೀವು ಹೊರಬರಬಹುದು. ಹೊರಬಂದರೆ ಮಾಮೂಲಿ ಚಿಕಿತ್ಸೆಗೆ ತಡೆಯಾಗಬಾರದು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ನಿಮ್ಮ ಹಕ್ಕು.

ಸಹಿ ಹಾಕುವ ಮುನ್ನ ಈ ಪ್ರಶ್ನೆಗಳನ್ನು ಕೇಳಿ:

• ಈ ಪ್ರಯೋಗ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ? ಇದು ಎಷ್ಟನೇ ಹಂತ?
• ಸಿಟಿಆರ್‌ಐ ನೋಂದಣಿ ಸಂಖ್ಯೆ ಏನು? ಐಸಿಎಂಆರ್ ನಡೆಸುವ ಈ ದಾಖಲೆಯನ್ನು ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ನೋಡಬಹುದು.
• ಸೇರದಿದ್ದರೆ ನನಗೆ ಯಾವ ಚಿಕಿತ್ಸೆ ಸಿಗುತ್ತದೆ? ನನಗೆ ಪ್ಲಸೀಬೊ ಬರುವ ಸಾಧ್ಯತೆ ಇದೆಯೇ?
• ಎಷ್ಟು ಸಲ ಬರಬೇಕು, ಎಷ್ಟು ಸಲ ರಕ್ತ ಕೊಡಬೇಕು, ಓಡಾಟದ ಖರ್ಚು ಯಾರದು?
• ನಡುರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು? ನೈತಿಕ ಸಮಿತಿಯ ಸಂಪರ್ಕ ಎಲ್ಲಿದೆ?

ಉತ್ತರ ಕೊಡದೆ ಅವಸರಪಡಿಸುವವರ ಬಳಿ ಸಹಿ ಹಾಕಬೇಡಿ. ಪತ್ರವನ್ನು ಮನೆಗೆ ಒಯ್ದು, ಮನೆಯವರ ಜೊತೆ, ನಿಮ್ಮ ಎಂದಿನ ವೈದ್ಯರ ಜೊತೆ ಮಾತಾಡಿ. ‘ಹೊಸ ಸಂಶೋಧನೆ’ ಎಂಬ ಸುದ್ದಿ ಓದಿದಾಗಲೂ ಪರೀಕ್ಷಿಸಿದ್ದು ಇಲಿಯ ಮೇಲೋ ಮನುಷ್ಯರ ಮೇಲೋ, ಎಷ್ಟು ಜನರ ಮೇಲೆ, ಯಾವುದಕ್ಕೆ ಹೋಲಿಸಿ ಎಂಬುದನ್ನು ನೋಡಿ.

ಎಲ್ಲ ಉತ್ತರಗಳೂ ಸಮಾಧಾನ ತಂದರೆ, ಪ್ರಯೋಗ ಎಂಬ ಮಾತಿಗೆ ಹೆದರಿ ಹಿಂದೆ ಸರಿಯಬೇಡಿ. ಇಂದು ನಾವು ನಂಬಿ ನುಂಗುವ ಪ್ರತಿ ಒಳ್ಳೆಯ ಮಾತ್ರೆಗೂ ಹಿಂದೆ ಯಾರೋ ಒಪ್ಪಿ ಪ್ರಯೋಗಕ್ಕೆ ಸೇರಿದ್ದಾರೆ. ತಿಳಿದು ಒಪ್ಪಿ, ಇಲ್ಲವೇ ತಿಳಿದು ನಿರಾಕರಿಸಿ. ತಿಳಿಯದೆ ಮಾತ್ರ ಸಹಿ ಹಾಕಬೇಡಿ.