ಶ್ರವಣಸಂಪತ್ತು ಮತ್ತು ಅದರ ಸಂರಕ್ಷಣೆ

ವಿದ್ಯಾವಂತನನ್ನು ನಮ್ಮ ಹಿರಿಯರು ‘ಬಹುಶ್ರುತ’ನೆಂದು ಕರೆದರು. ಬಹಳವಾಗಿ ಕೇಳಿ ತಿಳಿದವನು ಎಂಬುದು ಆ ಶಬ್ದದ ಅರ್ಥ. ಶ್ರವಣ, ಮನನ, ನಿದಿಧ್ಯಾಸನಗಳೆಂಬ ಕ್ರಮದಲ್ಲಿಯೂ ಮೊದಲ ಮೆಟ್ಟಿಲು ಶ್ರವಣವೇ. ಕನ್ನಡದಲ್ಲಿ ಕಿವಿಗೊಡುವುದೆಂದರೆ ಮನಸ್ಸುಗೊಡುವುದು, ಹಿತವಚನವೆಂದರೆ ಕಿವಿಮಾತು. ಇಷ್ಟು ಗೌರವಕ್ಕೆ ಪಾತ್ರವಾದ ಇಂದ್ರಿಯಕ್ಕೆ ಪ್ರಕೃತಿಯು ಕಣ್ಣಿಗಿತ್ತಂತೆ ರೆಪ್ಪೆಯನ್ನು ಕೊಡಲಿಲ್ಲ. ಬೇಡವಾದುದು ಎದುರಾದರೆ ಕಣ್ಣು ಮುಚ್ಚಬಹುದು. ಕಿವಿಯಾದರೋ ನಿದ್ರೆಯಲ್ಲಿಯೂ ತೆರೆದೇ ಇರುತ್ತದೆ. ಆದಕಾರಣ ಅದನ್ನು ಕಾಯುವ ಹೊಣೆ ನಮ್ಮ ವಿವೇಕಕ್ಕೆ ಬಿದ್ದಿದೆ. ಧ್ವನಿವರ್ಧಕಗಳೂ ಇಯರ್‌ಫೋನುಗಳೂ ಮನೆಮನೆಗೆ ಬಂದಿರುವ ಈ ಕಾಲದಲ್ಲಿ ಆ ಹೊಣೆಯನ್ನು ಕುರಿತು ನಾಲ್ಕು ಮಾತು ಹೇಳುವುದು ಅನುಚಿತವಾಗಲಾರದು.

ಹೊರಗೆ ಕಾಣುವ ಹಾಲೆಯು ಕಿವಿಯ ಹೆಬ್ಬಾಗಿಲು ಮಾತ್ರ. ಅದರ ಮೂಲಕ ಒಳಹೊಕ್ಕ ನಾದತರಂಗಗಳು ತಮಟೆಯ ಚರ್ಮದಂತಿರುವ ಕರ್ಣಪಟಲವನ್ನು ನಡುಗಿಸುತ್ತವೆ. ಸುತ್ತಿಗೆ, ಅಡಿಗಲ್ಲು, ರಿಕಾಪುಗಳ ಆಕಾರದ ಮೂರು ಪುಟ್ಟ ಎಲುಬುಗಳು ಆ ಕಂಪನವನ್ನು ಒಳಗಿವಿಗೆ ಸಾಗಿಸುತ್ತವೆ. ಅಲ್ಲಿ ಶಂಖದಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡ, ದ್ರವ ತುಂಬಿದ ನಾಳವೊಂದಿದೆ. ಈ ಕರ್ಣಶಂಖದೊಳಗೆ ಸುಮಾರು 15,000 ರೋಮಕೋಶಗಳಿವೆ. ದ್ರವದ ಅಲೆಗೆ ಅವುಗಳ ರೋಮಗಳು ಬಾಗಿದಾಗ ನಾದವು ನರಸಂದೇಶವಾಗಿ ಮೆದುಳನ್ನು ಸೇರುತ್ತದೆ. ಈ ಅಲೆಯ ನಡೆಯನ್ನು ಶೋಧಿಸಿ ವಿವರಿಸಿದ ಗೇಯಾರ್ಗ್ ಫಾನ್ ಬೇಕೆಶಿ ಎಂಬ ವಿಜ್ಞಾನಿಗೆ 1961ರಲ್ಲಿ ನೊಬೆಲ್ ಪಾರಿತೋಷಿಕ ದೊರೆಯಿತು.

ಈ ರೋಮಗಳನ್ನು ಹೊಲದಲ್ಲಿ ನಿಂತ ಜೋಳದ ಪೈರಿಗೆ ಹೋಲಿಸಬಹುದು. ತಂಗಾಳಿಗೆ ಪೈರು ಬಾಗಿ ಮತ್ತೆ ತಲೆಯೆತ್ತುತ್ತದೆ, ಬಿರುಗಾಳಿಗೆ ನೆಲಕಚ್ಚುತ್ತದೆ. ರಾತ್ರಿಯೆಲ್ಲ ಅಬ್ಬರದ ವಾದ್ಯಗೋಷ್ಠಿಯಲ್ಲಿದ್ದವನ ಕಿವಿ ಮರುದಿನ ಮಂದವಾಗಿರುವುದೂ, ಒಳಗೆ ಜೀರುಂಡೆ ಕೂಗಿದಂತೆ ಮೊರೆಯುವುದೂ ಪೈರು ಬಾಗಿದುದರ ಸೂಚನೆ. ಒಂದೆರಡು ದಿನಗಳಲ್ಲಿ ಇದು ಶಮನವಾಗುವುದರಿಂದ ಜನರು ಉದಾಸೀನರಾಗುತ್ತಾರೆ. ಮತ್ತೆ ಮತ್ತೆ ಹೀಗಾದರೆ ಕೋಶಗಳು ಸಾಯುತ್ತವೆ. ಸತ್ತ ರೋಮಕೋಶವು ಮನುಷ್ಯನಲ್ಲಿ ಮರಳಿ ಹುಟ್ಟುವುದಿಲ್ಲ. ಶ್ರವಣಸಾಧನವು ಉಳಿದ ಕೋಶಗಳಿಗೆ ನೆರವಾಗಬಲ್ಲುದೇ ಹೊರತು ಹೋದುದನ್ನು ತಂದುಕೊಡಲಾರದು. ಸದ್ದು ಯಂತ್ರದ್ದೋ ಭಜನೆಯದೋ ಎಂಬ ಭೇದವನ್ನು ರೋಮಕೋಶವು ಎಣಿಸುವುದಿಲ್ಲ. ಅದಕ್ಕೆ ತಿಳಿಯುವುದು ಸದ್ದಿನ ಬಲ ಮತ್ತು ಅವಧಿ.

ಈ ಹಾನಿಯ ಮೊದಲ ಪೆಟ್ಟು ಸಾಮಾನ್ಯವಾಗಿ ಸೆಕೆಂಡಿಗೆ 4,000 ಕಂಪನಗಳ ಆಸುಪಾಸಿನ ತಾರಧ್ವನಿಗಳಿಗೆ ಬೀಳುತ್ತದೆ. ಭಾಷಾಧ್ಯಾಪಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಸ್ವರಾಕ್ಷರಗಳ ಬಲವು ಕೆಳಗಿನ ಕಂಪನಗಳಲ್ಲಿದೆ; ಸಕಾರ, ಶಕಾರ, ತಕಾರ ಮೊದಲಾದ ವ್ಯಂಜನಗಳ ಗುರುತು ಮೇಲಿನ ಕಂಪನಗಳಲ್ಲಿದೆ. ಆದುದರಿಂದ ಪೆಟ್ಟುತಿಂದ ಕಿವಿಗೆ ಮಾತು ಕೇಳಿಸುತ್ತದೆ, ಅಕ್ಷರ ತಿಳಿಯುವುದಿಲ್ಲ. ಪಂಕ್ತಿಯಲ್ಲಿ ಕುಳಿತವನು ‘ಸಾಕು’ ಎಂದರೆ ಬಡಿಸುವವನಿಗೆ ‘ಹಾಕು’ ಎಂದು ಕೇಳಿಸೀತು! ಊಟದಲ್ಲಿ ಇದು ನಗೆಯ ಮಾತು, ತರಗತಿಯಲ್ಲಿ ಅಲ್ಲ. ಉಕ್ತಲೇಖನದಲ್ಲಿ ಪದೇ ಪದೇ ತಪ್ಪುವ ಬಾಲಕನನ್ನು ದಡ್ಡನೆಂದು ಗದರುವ ಮೊದಲು ಅವನ ಕಿವಿಯನ್ನು ಪರೀಕ್ಷಿಸುವುದು ಒಳಿತು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕೇಂದ್ರ ನಮ್ಮ ನಾಡಿನಲ್ಲಿಯೇ ಇರುವುದು ಭಾಗ್ಯವೇ ಸರಿ.

ಸದ್ದಿನ ಬಲವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಇದರ ಲೆಕ್ಕ ನಮ್ಮ ಸೇರು–ಪಾವುಗಳ ಲೆಕ್ಕದಂತಲ್ಲ. ಮೂರು ಡೆಸಿಬೆಲ್ ಏರಿದರೆ ಶಕ್ತಿ ಇಮ್ಮಡಿ. ಹತ್ತು ಏರಿದರೆ ಹತ್ತುಮಡಿ. ದುಡಿಮೆಯ ಸ್ಥಳಗಳಿಗೆ ಅಮೆರಿಕದ ತಜ್ಞಸಂಸ್ಥೆಯು ವಿಧಿಸಿರುವ ಮಿತಿ ದಿನಕ್ಕೆ 85 ಡೆಸಿಬೆಲ್‌ನಲ್ಲಿ 8 ಗಂಟೆ. ಅದೇ ಲೆಕ್ಕದಲ್ಲಿ 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಕೇವಲ 15 ನಿಮಿಷ. ಇಯರ್‌ಫೋನ್ ಮೊದಲಾದ ಸಾಧನಗಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ವಾರಕ್ಕೆ 40 ಗಂಟೆಗಳ ಆಲಿಕೆಗೆ ದೊಡ್ಡವರಿಗೆ 80, ಮಕ್ಕಳಿಗೆ 75 ಡೆಸಿಬೆಲ್ ಎಂದು ಗೊತ್ತುಪಡಿಸಿದೆ. ಸಭಾಸಂಗೀತಕ್ಕೆ 2022ರಲ್ಲಿ ಅದು ಸೂಚಿಸಿದ ಮೇಲೆಲ್ಲೆ ಸರಾಸರಿ 100 ಡೆಸಿಬೆಲ್.

ಅಳತೆಯ ಉಪಕರಣ ಎಲ್ಲರ ಬಳಿ ಇರುವುದಿಲ್ಲ. ಮೊಳದಷ್ಟು ದೂರದಲ್ಲಿ ನಿಂತವನೊಡನೆ ಕೂಗಿಯೇ ಮಾತನಾಡಬೇಕಾದರೆ ಸದ್ದು ಮಿತಿಮೀರಿದೆಯೆಂದು ತಿಳಿಯಬಹುದು. ಆಗ ಮಾಡಬೇಕಾದವು ಸರಳ. ಒಂದು, ದೂರ ಸರಿಯುವುದು: ಬಯಲಿನಲ್ಲಿ ಧ್ವನಿವರ್ಧಕದಿಂದ ದೂರ ಇಮ್ಮಡಿಯಾದರೆ ಸದ್ದಿನ ತೀವ್ರತೆ ಸುಮಾರು ನಾಲ್ಕನೆಯ ಒಂದಂಶಕ್ಕೆ ಇಳಿಯುತ್ತದೆ. ಎರಡು, ಆಗಾಗ ಹೊರಗೆ ಬಂದು ಕಿವಿಗೆ ವಿಶ್ರಾಂತಿ ಕೊಡುವುದು. ಮೂರು, ವಾದ್ಯಗಳ ಬಳಿಯಲ್ಲಿಯೇ ಇರಬೇಕಾದವರು ಕಿವಿಬಿರಡೆಗಳನ್ನು ಧರಿಸುವುದು. ಹತ್ತಿಯ ಉಂಡೆ ಇದಕ್ಕೆ ಸಾಲದು. ನಾಲ್ಕು, ಇಯರ್‌ಫೋನಿನ ಧ್ವನಿಯನ್ನು ಗರಿಷ್ಠದ ನೂರಕ್ಕೆ ಅರವತ್ತರೊಳಗೆ ಇರಿಸುವುದು. ಬಸ್ಸಿನ ಗದ್ದಲವನ್ನು ಮೀರಿಸಲು ಅದನ್ನು ಏರಿಸದಿರುವುದು.

ರಾಜಶಾಸನವೂ ಈ ವಿಷಯದಲ್ಲಿ ಮೌನವಾಗಿಲ್ಲ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್‌ಗಳನ್ನು ವಿಧಿಸಿವೆ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವನ್ನು ನಿಷೇಧಿಸಿವೆ. ಹಬ್ಬಹರಿದಿನಗಳಿಗೆಂದು ವರ್ಷದಲ್ಲಿ 15 ದಿನಗಳನ್ನು ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ನೀಡುವ ಅಧಿಕಾರ ಸರ್ಕಾರಕ್ಕಿದೆ. ಆಸ್ಪತ್ರೆ, ನ್ಯಾಯಾಲಯಗಳೊಡನೆ ವಿದ್ಯಾಲಯದ ಸುತ್ತಲಿನ ಪ್ರದೇಶವನ್ನೂ ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶವಿದೆ. ಹೊರಗಿನ ಸದ್ದಿನಿಂದ ಕಾನೂನು ರಕ್ಷಿಸಬಯಸುವ ವಿದ್ಯಾಲಯವೇ ವಾರ್ಷಿಕೋತ್ಸವದ ದಿನ ಎಳೆಯ ಮಕ್ಕಳನ್ನು ಧ್ವನಿಪೆಟ್ಟಿಗೆಯ ಬಾಯಿಗೆ ನಿಲ್ಲಿಸಿ ಕುಣಿಸುವುದು ಶೋಭಿಸದು.

ಆದಕಾರಣ ವಿದ್ಯಾಲಯಗಳಿಗೆ ಧ್ವನಿವರ್ಧಕಗಳನ್ನು ದಾನವಾಗಿ ಕೊಡುವ ಉದಾರಿಗಳಲ್ಲಿ ಒಂದು ವಿಜ್ಞಾಪನೆ: ಅದರೊಡನೆ ಧ್ವನಿಮಾಪಕವೊಂದನ್ನೂ ಕೊಡಿರಿ. ಅಧ್ಯಾಪಕರು ಮುಂದಿನ ಸಾಲಿನ ಮಕ್ಕಳನ್ನು ಹತ್ತು ಹೆಜ್ಜೆ ಹಿಂದೆ ಕೂರಿಸಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಮಕ್ಕಳಿಗೆ ಈ ಕಿವಿಮಾತನ್ನು ಮುಟ್ಟಿಸಲಿ. ಇಂದು ಪಾಠವನ್ನು ಆಲಿಸುವ ಮಕ್ಕಳು ಇಳಿವಯಸ್ಸಿನಲ್ಲಿ ತಮ್ಮ ಮೊಮ್ಮಕ್ಕಳ ತೊದಲುನುಡಿಯನ್ನೂ ಕಿವಿಯಾರೆ ಕೇಳುವಂತಾಗಲಿ.